ಕೊನೆಯ ಲಗ್‌ಗೆ ಒಂದೇ ಟಕ್

"ನಿನ್ನೆ ಕೊನೇ ಲಗ್‌ಗೆ ಒಂದೇ ಟಕ್ ಕೇಳಿಸ್ತಲ್ಲೇ?" ಅಡುಗೆಮನೆಯಿಂದ ದೊಡ್ಡಮ್ಮ ನಗುತ್ತಾ ಕೇಳಿದಳು. "ಅವನು ಬಂದು ನಿಂತ್ರೆ ನಿನಗೆ ಎಣಿಸೋಕೂ ಬರಲ್ಲ."

ಕೇಬಲ್ ಸುಲಿಯುತ್ತಿದ್ದ ಹುಡುಗಿ ಚಾಕು ಕೆಳಗಿಟ್ಟಳು.

ಮನೆಯ ಮುಂದಿನ ಕೋಣೆಯೇ ಅವಳ ವರ್ಕ್‌ಶಾಪ್. ಹೆಬ್ಬೆರಳು ದಪ್ಪದ ಬ್ಯಾಟರಿ ಕೇಬಲ್‌ನ ತುದಿ ಸುಲಿದು, ತಾಮ್ರದ ಟೋಪಿಯಂಥ ಲಗ್ ತೊಡಿಸಿ, ಉದ್ದ ಹಿಡಿಯ ಟೂಲ್‌ನಿಂದ ಒತ್ತುವುದು ಅವಳ ಕೆಲಸ. ಒತ್ತು ಪೂರ್ತಿಯಾದರೆ ಟೂಲ್ ಟಕ್ ಎನ್ನುತ್ತದೆ. ಒಂದು ಲಗ್‌ಗೆ ಎರಡು ಟಕ್, ಆಮೇಲೆ ಅದರ ಮೇಲೆ ಕಪ್ಪು ಕೊಳವೆಯಂಥ ಸ್ಲೀವ್. ಒಂದೇ ಟಕ್ ಆದರೆ ಲಗ್ ಸಡಿಲ. ಸಡಿಲವಾದದ್ದು ಬಿಸಿಯಾಗುತ್ತದೆ, ಕಿಡಿ ಹಾರುತ್ತದೆ.

ನಿನ್ನೆ ಸಂಜೆ ಎಲೆಕ್ಟ್ರಿಷಿಯನ್ ಬಾಗಿಲಿಗೆ ಒರಗಿ ನಿಂತಿದ್ದ. ಟೂಲ್ ನೋಡುವ ನೆಪದಲ್ಲಿ ಅವಳ ಬೆರಳು ನೋಡುತ್ತಿದ್ದ.

"ನಾಳೆ ಬೇಕರಿಯ ಇನ್ವರ್ಟರ್ ಕೆಲಸ ಮುಗೀಲಿ. ನಿಮ್ಮ ದೊಡ್ಡಮ್ಮನ ಹತ್ರ ಒಂದು ಮಾತು ಕೇಳೋದಿದೆ."

"ನನ್ನ ಕೇಳದೇನಾ?"

"ನಿಮ್ಮನ್ನ ಕೇಳೋಕೆ ಭಯ," ಎಂದು ಓರೆಗಣ್ಣಲ್ಲಿ ನಕ್ಕಿದ್ದ.

ಅವಳ ಕಿವಿಯೆಲ್ಲ ಕೆಂಪಾಗಿತ್ತು. ತಲೆ ಎತ್ತದೆ ಕೊನೆಯ ಲಗ್ ಮೇಲೆ ಸ್ಲೀವ್ ಎಳೆದು, ಬೇಕರಿಯ ಎಂಟೂ ಕೇಬಲ್ ಅವನ ಹೆಗಲಿಗೆ ಹಾಕಿದ್ದಳು.

"ಆಮೇಲೆ ಇನ್ನೊಂದು ಒತ್ತಿರ್ತೀಯ ಅನ್ಕೊಂಡೆ," ಎಂದಳು ದೊಡ್ಡಮ್ಮ. ಈಗ ಅವಳೂ ನಗುತ್ತಿರಲಿಲ್ಲ.

ಫೋನ್ ಮಾಡಿದರೆ ರಿಂಗ್ ಆಗುತ್ತಿತ್ತು, ಅಷ್ಟೇ. ಕೆಲಸದ ಹೊತ್ತಿನಲ್ಲಿ ಅವನ ಫೋನ್ ಚೀಲದಲ್ಲಿರುತ್ತದೆ. ಹತ್ತಕ್ಕೆ ಸ್ವಿಚ್ ಹಾಕುತ್ತೇನೆ ಎಂದಿದ್ದ. ಗಡಿಯಾರದಲ್ಲಿ ಹತ್ತಕ್ಕೆ ಹತ್ತು ನಿಮಿಷ.

ಬಿದ್ದೆನೋ ಕೆಟ್ಟೆನೋ ಎಂದು ಓಡಿದಳು. ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ದೊಡ್ಡಮ್ಮನದು. ನನ್ನ ನಾಚಿಕೆಗೆ ಅವನ ಕೈ ಸುಟ್ಟರೆ? ಮುಖ ಸುಟ್ಟರೆ? ಇದ್ದದ್ದು ಒಂದೇ ಧೈರ್ಯ: ಜೋಡಿಸುವ ಮುಂಚೆ ಪ್ರತಿ ಕೇಬಲನ್ನೂ ಎಳೆದು ನೋಡುವ ಮನುಷ್ಯ ಅವನು.

ಬೇಕರಿಯ ಹಿಂದಿನ ಕೋಣೆಯಲ್ಲಿ ಅವನ ಕೈ ಸ್ವಿಚ್ಚಿನ ಮೇಲಿತ್ತು.

"ಹಾಕ್ಬೇಡಿ! ಎಳೆದು ನೋಡಿದ್ರಾ?"

"ನಿಮ್ಮ ಕೆಲಸಾನಾ?" ಅವನು ನಕ್ಕ. "ಬೇರೆಯವರದ್ದಾದ್ರೆ ನೋಡ್ತೀನಿ. ನಿಮ್ಮದನ್ನ ಯಾವತ್ತೂ ನೋಡಿಲ್ಲ."

ಇಷ್ಟು ದಿನ ಅವನು ಬದುಕಿದ್ದು ಅವಳ ಎರಡು ಟಕ್‌ಗಳ ಮೇಲೆ.

"ಈಗ ನೋಡಿ. ದಮ್ಮಯ್ಯ, ಎಲ್ಲ ನೋಡಿ."

ಅವನು ಒಂದೊಂದೇ ಬಿಚ್ಚಿ ಎಳೆದ. ಏಳು ಕೇಬಲ್‌ಗಳು ಜಗ್ಗಲಿಲ್ಲ. ಅವನು ಇನ್ನೇನು ತಮಾಷೆ ಮಾಡಬೇಕು ಎನ್ನುವಷ್ಟರಲ್ಲಿ ಎಂಟನೆಯದರ ಲಗ್ ಸಲೀಸಾಗಿ ಅವನ ಅಂಗೈಗೆ ಬಂತು.

ಅವನ ಮುಖ ಬಿಳಿಚಿತ್ತು.

"ನೀವು ಅಂದ್ರೆ ನನಗೆ ಪ್ರಾಣ," ಎಂದಳು ಅವಳು, ಬಿಕ್ಕುತ್ತಾ. "ನಿನ್ನೆ ಹೇಳೋಕೆ ಬಾಯಿ ಬರ್ಲಿಲ್ಲ, ಕೈ ತಪ್ಪಿತು. ಇನ್ಮೇಲೆ ನನ್ನನ್ನ ಹೀಗೆ ನಂಬಬೇಡಿ. ನನ್ನದನ್ನೇ ಮೊದಲು ಎಳೆದು ನೋಡಿ."

ಅವನು ಲಗ್ಗನ್ನು ಜೇಬಿಗೆ, ಕೇಬಲನ್ನು ಹೆಗಲಿಗೆ ಹಾಕಿಕೊಂಡು, ಅವಳ ಕೈ ಹಿಡಿದ.

"ಬನ್ನಿ, ನಿಮ್ಮ ಮನೆಗೆ ಹೋಗಿ ಸರಿ ಮಾಡೋಣ."

ಮುಂದಿನ ಕೋಣೆಯಲ್ಲಿ ಹೊಸ ಲಗ್ ತೊಡಿಸಿ, ಟೂಲ್‌ನ ಒಂದು ಹಿಡಿ ಅವಳು, ಇನ್ನೊಂದು ಅವನು ಹಿಡಿದು ಒತ್ತಿದರು. ಟಕ್. ಜಾಗ ಸರಿಸಿ ಮತ್ತೊಮ್ಮೆ, ಟಕ್.

"ಎರಡೂ ಕೇಳಿಸ್ತು," ಒಳಗಿನಿಂದ ದೊಡ್ಡಮ್ಮ ಕೂಗಿದಳು. "ಈಗ ನಿನ್ನ ಮಾತು ಕೇಳಪ್ಪ."

ಅವನು ಮೊದಲು ಲಗ್ಗನ್ನು ಗಟ್ಟಿಯಾಗಿ ಎಳೆದು ನೋಡಿದ. ಆಮೇಲೆ ಕೇಳಿದ.