ಸುಟ್ಟ ಫೈಲಿನ ಎರಡನೇ ಪ್ರತಿ

ಹಿಂದಿನ ಗಾಜು ಪುಡಿಪುಡಿಯಾಯಿತು!

"ತಲೆ ಬಗ್ಗಿಸಿ!" ಎಂದು ಕೂಗಿದೆ.

ಪಕ್ಕದ ಸೀಟಿನಲ್ಲಿದ್ದ ಪೋಲೆಂಡಿನ ಎಂಜಿನಿಯರ್ ಬಗ್ಗಲಿಲ್ಲ. ಎದೆಗೆ ಅವಚಿಕೊಂಡಿದ್ದ ಪ್ಲಾಸ್ಟಿಕ್ ಫೈಲನ್ನು ಇನ್ನಷ್ಟು ಅವಚಿಕೊಂಡ, ಅಷ್ಟೆ.

ಬಿಳಿ ಲ್ಯಾಂಡ್ ಕ್ರೂಸರ್ ಗುದ್ದಿದ್ದು ಅದು ಎರಡನೇ ಸಲ. ಮೆಸಯೀದ್‌ನಿಂದ ದೋಹಾಗೆ ಬರುವ ಹೈವೇ. ಬೆಳಿಗ್ಗೆ ಒಂಬತ್ತೂವರೆ. ನನ್ನ ಹಳೆಯ ಕರೋಲಾ ನೂರಿಪ್ಪತ್ತರಲ್ಲಿ ಗಡಗಡ ನಡುಗುತ್ತಿತ್ತು...

ನಾನು ಫಿಡೆಲಿಸ್, ಉಡುಪಿ ಕಡೆಯವನು. ಹದಿನೆಂಟು ವರ್ಷ ಕಂಪನಿಗಳ ವೀಸಾ ಕಾಗದ ಹಿಡಿದು ಇಮಿಗ್ರೇಷನ್ ಕೌಂಟರುಗಳಲ್ಲಿ ನಿಂತೆ. ಈಗ ಬೇರೆಯವರು ಮುಟ್ಟದ ಕೆಲಸ ಮಾಡುತ್ತೇನೆ. ಸೀಲು, ಸಹಿ, ತಾರೀಕು... ಕಳ್ಳ ಕಾಗದ ನನಗೆ ದೂರದಿಂದಲೇ ವಾಸನೆ ಹೊಡೆಯುತ್ತದೆ.

ಪಕ್ಕದಲ್ಲಿದ್ದವನು ಯಾಚೆಕ್. ವಯಸ್ಸು ಐವತ್ತೇಳು. ಹನ್ನೊಂದು ಗಂಟೆಗೆ ಅವನ ದೇಶದ ಎಂಬಸಿಯಲ್ಲಿ ಕ್ಯಾಮರಾ ಮುಂದೆ ಕೂತು ಅಲ್ಲಿನ ಕೋರ್ಟಿಗೆ ಸಾಕ್ಷಿ ಹೇಳಬೇಕು. ೧೯೮೮ರಲ್ಲಿ ಬೊಜೆನಾ ಎಂಬ ಹತ್ತೊಂಬತ್ತರ ಹುಡುಗಿಯನ್ನು ಪೊಲೀಸ್ ವ್ಯಾನಿನಲ್ಲಿ ಹೊಡೆದರು. ಅವಳ ಒಂದು ಕಣ್ಣು ಹೋಯಿತು. ಹೊಡೆದವನು ಗುಪ್ತ ಪೊಲೀಸಿನ ಲೆಫ್ಟಿನೆಂಟ್ ವಿಟೋಲ್ಡ್. ನೋಡಿದವರಲ್ಲಿ ಬದುಕಿರುವವನು ಯಾಚೆಕ್ ಒಬ್ಬನೇ. ಅವನು ಬಾಯಿ ಬಿಡದಿದ್ದರೆ ಕೇಸು ಮುಚ್ಚಿಹೋಗುತ್ತದೆ.

ವಿಟೋಲ್ಡ್ ಈಗ ಎಲ್ಲಿದ್ದಾನೆ ಗೊತ್ತೇ? ಇಲ್ಲೇ, ದೋಹಾದಲ್ಲಿ! ಯಾವುದೋ ಕಂಪನಿಯ ಸೆಕ್ಯುರಿಟಿ ಕನ್ಸಲ್ಟೆಂಟ್. ಸೂಟು, ಬೂಟು, ಶುಕ್ರವಾರ ಗಾಲ್ಫು. ಹಿಂದೆ ಗುದ್ದುತ್ತಿದ್ದವರು ಅವನು ಕಳಿಸಿದ ಆಳುಗಳು. ಇಂಥವರಿಗೆ ನಿವೃತ್ತಿಯೇ ಇಲ್ಲ.

"ಏನು ಮಾಡಿದ್ರಿ ಆಗ? ಬಾಂಬ್ ಇಟ್ರಾ?" ಎಂದೆ. ನಾವು ಆಡಿದ್ದು ಇಂಗ್ಲಿಷ್. ನಿಮಗೆ ನನ್ನ ಕನ್ನಡದಲ್ಲಿ ಹೇಳುತ್ತಿದ್ದೇನೆ.

"ಕರಪತ್ರ ಹಂಚಿದ್ವಿ. ಸೈನ್ಯದ ಪ್ರತಿಜ್ಞೆ ತಗೊಳ್ಳೋದಿಲ್ಲ ಅಂದ್ವಿ."

"ಅಷ್ಟಕ್ಕೇ?"

"ಅಷ್ಟಕ್ಕೇ. ಕೇಸು ಹಾಕದೆ ನಲವತ್ತೆಂಟು ಗಂಟೆ ಒಳಗಿಡ್ತಿದ್ರು. ಆಮೇಲೆ ಬಿಡ್ತಿದ್ರು. ಗೇಟಿನಿಂದ ಹತ್ತು ಹೆಜ್ಜೆ... ಮತ್ತೆ ಹಿಡೀತಿದ್ರು. ಹೊಸ ನಲವತ್ತೆಂಟು!"

ಥೂ! ಟ್ಯಾಂಕು ಇತ್ತು, ಫಿರಂಗಿ ಇತ್ತು. ಹೆದರಿದ್ದು ಮಾತ್ರ ಒಂದು ಹುಡುಗಿಯ ಕೈಯ ಕಾಗದಕ್ಕೆ! ಆ ಹೊತ್ತಿಗೆ ಸರ್ಕಾರದ ಉಸಿರು ನಿಲ್ಲುತ್ತಾ ಬಂದಿತ್ತಂತೆ. ಮುಂದಿನ ಕೋಣೆಯಲ್ಲಿ ದೊಡ್ಡ ನಾಯಕರ ಜೊತೆ ಸಂಧಾನಕ್ಕೆ ಕುರ್ಚಿ ಜೋಡಿಸುತ್ತಿದ್ದರು. ಹಿಂದಿನ ಕೋಣೆಯಲ್ಲಿ ಕಾಲೇಜು ಹುಡುಗರಿಗೆ ಲಾಠಿ. ಎಂಥ ಗಂಡಸರು!

ಯಾಚೆಕ್‌ನ ಫೋನು ಹೊಡೆದುಕೊಂಡಿತು. ನಾನೇ ಸ್ಪೀಕರ್ ಒತ್ತಿದೆ.

"ಎಂಬಸಿಗೆ ಹೋಗಬೇಡ," ಎಂದ ವಿಟೋಲ್ಡ್, ನನಗೂ ಕೇಳಲಿ ಅಂತ ಇಂಗ್ಲಿಷಿನಲ್ಲೇ. "ನೀನು ನಮ್ಮ ಇನ್‌ಫಾರ್ಮರ್ ಆಗಿದ್ದೆ. ಸಹಿ ಹಾಕಿದ ಕಾಗದ ನನ್ನ ಹತ್ತಿರ ಇದೆ. ಇವತ್ತೇ ಬೊಜೆನಾಗೆ ಕಳಿಸ್ತೀನಿ."

ವಾಟ್ಸಾಪ್‌ಗೆ ಫೋಟೋ ಬಂತು. ಯಾಚೆಕ್ ನೋಡಿದ. ಮುಖದಲ್ಲಿ ರಕ್ತವೇ ಇರಲಿಲ್ಲ.

ನಾನು ಸ್ಟಿಯರಿಂಗ್ ತಿರುಗಿಸಿದೆ. ನೇರ ಬರ್ವಾ ಅಲ್ ಬರಾಹಾ! ಕಾರ್ಮಿಕರನ್ನು ಸಾಗಿಸುವ ನೂರಾರು ಬಸ್ಸುಗಳು ಅಲ್ಲಿ ಸಾಲಾಗಿ ನಿಲ್ಲುತ್ತವೆ. ಆ ಬಸ್ಸುಗಳನ್ನು ನೋಡಿಕೊಳ್ಳುವ ಪುತ್ತೂರಿನ ಅಶ್ರಫ್‌ಗೆ ದಾರಿಯಲ್ಲೇ ಫೋನು ಮಾಡಿದೆ.

"ಎಂತ ಮಾರಾಯ್ರೆ, ಪುನಃ ಗಲಾಟೆಯಾ?"

"ಹಿಂದೆ ಒಂದು ಲ್ಯಾಂಡ್ ಕ್ರೂಸರ್ ಉಂಟು ಅಶ್ರಫ್."

"ಸೀದಾ ಒಳಗೆ ಬನ್ನಿ. ಯಲ್ಲಾ, ಬೇಗ! ನಿಮ್ಮ ಹಿಂದೆ ಬಸ್ ಅಡ್ಡ ಇಡಿಸ್ತೇನೆ."

ನಾವು ನುಗ್ಗಿದ್ದೇ ತಡ, ಎರಡು ಬಸ್ಸು ಅಡ್ಡ ಬಂದವು. ಲ್ಯಾಂಡ್ ಕ್ರೂಸರ್ ಹೊರಗೆ ಹಾರ್ನ್ ಹೊಡೆಯುತ್ತಾ ನಿಂತಿತು. ಹೊಡೆಯಲಿ!

ಈಗ ಫೋಟೋ ಸರಿಯಾಗಿ ನೋಡಿದೆ. ಊರು ಕ್ರಾಕೋವ್. ತಾರೀಕು ೧೪ ಅಕ್ಟೋಬರ್ ೧೯೮೮.

"ನಿಮ್ಮ ಫೈಲಿನಲ್ಲಿ ಎಂತ ಉಂಟು?"

"ರಸೀದಿಗಳು. ಒಳಗೆ ಹಾಕುವಾಗ ಬೆಲ್ಟು, ಶೂ ಲೇಸು ಕಿತ್ಕೊಳ್ತಿದ್ರು. ಅದಕ್ಕೆ ರಸೀದಿ ಕೊಡ್ತಿದ್ರು. ನಾನು ಯಾವುದನ್ನೂ ಎಸೆದಿಲ್ಲ."

ಒಂದೊಂದೇ ತೆಗೆದು ನೋಡಿದೆ. ಏಳನೆಯದರ ಮೇಲೆ ಕಣ್ಣು ನಿಂತಿತು. ೧೩ರಿಂದ ೧೫ ಅಕ್ಟೋಬರ್. ಊರು ಗ್ಡಾನ್ಸ್ಕ್. ದೇಶದ ಆ ತುದಿ! ಪೊಲೀಸರದೇ ಸೀಲು!

"ಖಲಾಸ್! ಒಂದೇ ದಿನ ಎರಡು ಊರಲ್ಲಿ ಹೇಗೆ ಇರ್ತೀರಿ? ಇದು ನಕಲಿ! ಅಸಲಿ ಫೈಲ್ ಎಲ್ಲಿ?"

"ಸರ್ಕಾರ ಬೀಳುವಾಗ ಅವರ ಆಫೀಸಿನ ಫೈಲೆಲ್ಲ ಸುಟ್ರು," ಎಂದ ಯಾಚೆಕ್. "ಸುಟ್ಟವನೂ ವಿಟೋಲ್ಡೇ."

ನಗು ತಡೆಯಲಾಗಲಿಲ್ಲ. ತನ್ನ ಹೆಸರು ಅಳಿಸಲಿಕ್ಕೆ ತಾನೇ ಬೆಂಕಿ ಇಟ್ಟ. ಈಗ ಅದೇ ಫೈಲು ಬೇಕಾಯಿತು. ಕೂತು ನೆನಪಿನಿಂದ ಬರೆದ. ತಾರೀಕು ತಪ್ಪಿತು. ಕನ್ಸಲ್ಟೆಂಟ್ ಅಂತೆ!

ಯಾಚೆಕ್ ಮಾತ್ರ ನಗಲಿಲ್ಲ.

ಹಿಂದಿನ ಗೇಟಿನಿಂದ ಹೊರಬಿದ್ದು ಎಂಬಸಿ ತಲುಪಿದಾಗ ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ಗೇಟಿನ ಬಳಿ ವಿಟೋಲ್ಡ್ ಕಾಯುತ್ತಿದ್ದ. ಬೆವರಿನಿಂದ ಕಾಲರ್ ಒದ್ದೆಯಾಗಿತ್ತು. ಕೈಯಲ್ಲಿ ಕಾಗದ.

ನಾನು ಅವನ ಮೂಗಿನ ಮುಂದೆ ರಸೀದಿ ಹಿಡಿದೆ. ಓದಿದ. ಮತ್ತೆ ಓದಿದ.

"ನಿನ್ನ ವೀಸಾ ಕ್ಯಾನ್ಸಲ್ ಮಾಡಿಸ್ತೀನಿ!" ಎಂದ ಕೊನೆಗೆ.

"ಮಾಡಿಸಿ. ಫಾರ್ಮ್ ನಾನೇ ತುಂಬಿಸಿ ಕೊಡ್ತೇನೆ."

ಯಾಚೆಕ್ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದ.

"ಫಿಡೆಲಿಸ್, ಆ ಕಾಗದ ನಕಲಿ. ಆದರೆ ಡಿಸೆಂಬರಿನಲ್ಲಿ ಒಂದಕ್ಕೆ ನಾನು ನಿಜವಾಗಿ ಸಹಿ ಹಾಕಿದ್ದೆ. ಸಾಲಾಗಿ ಮೂರನೇ ನಲವತ್ತೆಂಟು. ಆರು ದಿನ ನಿದ್ದೆ ಇರಲಿಲ್ಲ. ಬೊಜೆನಾ ಎಲ್ಲಿ ಸಿಗ್ತಾಳೆ ಅಂತ ಹೇಳಿದವನು ನಾನೇ. ಅವಳನ್ನು ತೋರಿಸಲಿಕ್ಕೆ ನನ್ನನ್ನು ವ್ಯಾನಿನಲ್ಲಿ ಕೂರಿಸಿದ್ರು. ಅದಕ್ಕೇ ನಾನು ಸಾಕ್ಷಿ."

ಸಿಟ್ಟು ನೆತ್ತಿಗೇರಿತು. ಇವನಿಗಾಗಿಯೇ ನಾನು ಜೀವ ಪಣಕ್ಕಿಟ್ಟು ಓಡಿಸಿದ್ದು? ಆಮೇಲೆ ಆ ಮುಖ ನೋಡಿದೆ. ಸಿಟ್ಟು ಅರ್ಧ ಇಳಿಯಿತು. ಇಪ್ಪತ್ತರ ಹುಡುಗನನ್ನು ಆರು ದಿನ ನಿದ್ದೆಗೆಡಿಸಿ ಸಹಿ ಹಾಕಿಸಿಕೊಂಡ ಸರ್ಕಾರದ ಮೇಲೆ ಉಳಿದರ್ಧ ತಿರುಗಿತು.

"ಅಸಲಿ ಬೂದಿಯಾಗಿದೆ," ಎಂದೆ. "ಸುಮ್ಮನಿದ್ದು ಬಿಡಿ. ಯಾರಿಗೂ ಗೊತ್ತಾಗುವುದಿಲ್ಲ."

"ಸುಮ್ಮನಿದ್ದೆನಲ್ಲ, ಮೂವತ್ತೇಳು ವರ್ಷ. ಇವತ್ತು ಎರಡೂ ಹೇಳ್ತೇನೆ. ಅವನದ್ದೂ, ನನ್ನದೂ."

ಒಳಗೆ ಹೋದ.

ಮುಕ್ಕಾಲು ಗಂಟೆ ಕಳೆದು ಹೊರಗೆ ಬಂದ. ಕಣ್ಣು ಕೆಂಪಗಿತ್ತು.

"ಬೊಜೆನಾ ಕೋರ್ಟಿನಲ್ಲಿದ್ದಳಾ?"

"ಇದ್ದಳು. ನನ್ನ ಪಾಲಿನದು ಹೇಳುವಾಗ ನನಗೆ ಮಾತು ನಿಂತುಹೋಯ್ತು. 'ಮುಂದೆ ಹೇಳು' ಅಂದಳು. ಅಷ್ಟೆ."

ವಿಟೋಲ್ಡ್ ಇನ್ನೂ ಗೋಡೆಯ ನೆರಳಿನಲ್ಲಿ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಹೆದರಿಸಲಿಕ್ಕೆ ಇನ್ನು ಗುಟ್ಟೇ ಇರಲಿಲ್ಲ. ಕಾಗದವನ್ನು ಕಸದ ಡಬ್ಬಿಯ ಕಡೆ ಒಯ್ದ.

"ಬಿಸಾಡಬೇಡಿ ಸಾರ್," ಎಂದೆ. "ಓಲ್ಡ್ ಏರ್‌ಪೋರ್ಟ್ ರಸ್ತೆಯಲ್ಲಿ ಒಳ್ಳೆಯ ಸಮೋಸಾ ಸಿಗ್ತದೆ. ಎಣ್ಣೆ ಒರೆಸಲಿಕ್ಕೆ ಆಗ್ತದೆ!"