ಪಟ್ಟದ ಕುದುರೆಯ ಮಾಂಸ

ಕಂಚಿನಗಿರಿಯ ಮಹಾನವಮಿಯೆಂದರೆ, ರಾಜಬೀದಿ ಸಾಲದೆ ಜನರು ಬುರುಜುಗಳನ್ನೇರಿ ನಿಂತು, ಕುಂಕುಮವಿಟ್ಟು ಗೆಜ್ಜೆ ಕಟ್ಟಿದ ಪಟ್ಟದ ಕುದುರೆಗೆ ಅರಸನು ಆರತಿಯೆತ್ತುವುದನ್ನು ಕಣ್ತುಂಬ ನೋಡುತ್ತಿದ್ದ ದಿನ. ಈ ವರ್ಷ ಬುರುಜುಗಳ ಮೇಲೆ ಹೆಣಗಳಿದ್ದವು. ಶತ್ರುಗಳ ಮುತ್ತಿಗೆಗೆ ನಾಲ್ಕು ತಿಂಗಳು ತುಂಬಿತ್ತು. ಕವಣೆಗಲ್ಲಿಗೆ ತಲೆಯೊಡೆದ ಬಿಲ್ಲಾಳುಗಳನ್ನು ಸುಡಲು ಸೌದೆಯಿರಲಿಲ್ಲ, ಹೊರಲು ಉಳಿದವರ ತೋಳಿನಲ್ಲಿ ತ್ರಾಣವಿರಲಿಲ್ಲ. ಹೆಂಗಸರು ಹುಣಸೆಬೀಜ ಹುರಿದು ಕುಟ್ಟಿ ಗಂಜಿ ಕಾಯಿಸುತ್ತಿದ್ದರು.

ಆ ಬೆಳಗ್ಗೆ ಪಟ್ಟದ ಕುದುರೆ ಮೇಘಜನ ರುಂಡ ಲಾಯದ ಬಾಗಿಲಲ್ಲಿ ಬಿದ್ದಿತ್ತು. ಲಾಯದ ಅಧಿಪತಿ ತೊಗಾನ ಸಾಹಣಿಯ ಹಿತ್ತಲಿನಲ್ಲಿ ಅದರ ಎಲುಬುಗಳು ಸಿಕ್ಕವು. ಒಲೆಯ ಮೇಲಿನ ಹಂಡೆಯಲ್ಲಿ ಮಾಂಸ ಕುದಿಯುತ್ತಿತ್ತು. ಸಾಕ್ಷಿ ಇನ್ನೇನು ಬೇಕು? ತೊಗಾನನು ಹಿಮ ಬೀಳುವ ದೂರದ ಹುಲ್ಲುಗಾವಲ ನಾಡಿನಿಂದ ಬಂದವನು. ಅಲ್ಲಿಯವರು ಕುದುರೆ ತಿನ್ನುವವರು. ಸಾಲದ್ದಕ್ಕೆ ಹತ್ತು ದಿನದ ಹಿಂದೆ, ಮೇವಿಲ್ಲದೆ ಸಾಯುತ್ತಿರುವ ಕುದುರೆಗಳನ್ನಾದರೂ ಸೈನಿಕರಿಗೆ ಉಣಿಸೋಣವೆಂದು ತುಂಬಿದ ಸಭೆಯಲ್ಲಿ ಹೇಳಿ, ಎಲ್ಲರೂ ಕಿವಿ ಮುಚ್ಚಿಕೊಳ್ಳುವಂತೆ ಮಾಡಿದ್ದನು. ಉತ್ತರದ ಬಾಗಿಲಲ್ಲಿ ಕಾದಾಡಿ ಮರಳುತ್ತಿದ್ದವನನ್ನು ಅವನ ಸೈನಿಕರೇ ಮುಖ ಒಡೆಯುವಂತೆ ಬಡಿದು, ಕೈ ಕಟ್ಟಿ, ಅರಸನ ಮುಂದೆ ಕೆಡವಿದರು.

"ಮಹಾಪ್ರಭು, ಈ ಪಾಪಿಯನ್ನು ಶೂಲಕ್ಕೇರಿಸಬೇಕು," ಎಂದನು ಮಹಾಪ್ರಧಾನ ಚಾವುಂಡಮಯ್ಯ. "ಪಟ್ಟದ ಕುದುರೆಯೊಂದಿಗೆ ರಾಜ್ಯಲಕ್ಷ್ಮಿಯೂ ಹೋದಳು. ಇನ್ನು ಕಾದುವುದು ವ್ಯರ್ಥ. ಬಾಗಿಲು ತೆರೆದು ಸಂಧಿ ಬೇಡುವುದೇ ಲೇಸು."

ಶತ್ರುವು ಇವನಿಗೆ ಕಂಚಿನಗಿರಿಯ ಸಿಂಹಾಸನವನ್ನೇ ಕೊಡುವೆನೆಂದು ಮಾತು ಕೊಟ್ಟಿದ್ದನೆಂಬುದು ಪಾಪ, ಇಪ್ಪತ್ತೆರಡರ ಅರಸ ಬೊಪ್ಪರಸನಿಗೆ ಹೇಗೆ ತಿಳಿಯಬೇಕು!

"ಸಾಹಣಿ, ನನಗೆ ಕುದುರೆಯೇರಲು ಕಲಿಸಿದವನು ನೀನು," ಎಂದನು ಅರಸ. "ದೇವರೆಂದು ಪೂಜಿಸುವುದನ್ನು ತಿನ್ನಲು ನಿನಗೆ ಮನಸ್ಸಾದರೂ ಹೇಗೆ ಬಂತು?"

"ಪ್ರಭು, ನಿಮ್ಮಲ್ಲಿ ನೆಲ ಅನ್ನ ಕೊಡುತ್ತದೆ; ಕುದುರೆ ಕಡಲು ದಾಟಿ ಬರುತ್ತದೆ. ಆದ್ದರಿಂದ ಅದು ದೇವರು. ನಮ್ಮಲ್ಲಿ ಎಂಟು ತಿಂಗಳು ಹಿಮ, ಒಂದು ಕಾಳು ಬೆಳೆಯದು. ಕುದುರೆಯ ಹಾಲು ಕುಡಿದು, ಚರ್ಮ ಹೊದ್ದು, ಮಾಂಸ ತಿಂದು ಬದುಕುತ್ತೇವೆ. ಆದ್ದರಿಂದ ಅದು ತಾಯಿ. ಯಾರ ಪ್ರೀತಿ ಕಡಿಮೆಯೆಂದು ನಾನು ಹೇಳಲಾರೆ. ಮೇಘಜನನ್ನು ನಾನು ಕೊಂದಿಲ್ಲ. ಆ ಹಂಡೆಯನ್ನೊಮ್ಮೆ ತರಿಸಿ."

ಹಬೆಯಾಡುವ ಹಂಡೆಯನ್ನು ನಾಲ್ವರು ಹೊತ್ತು ತಂದಿಟ್ಟರು. ತೊಗಾನನು ಬಗ್ಗಿ ನೋಡಿದನು. ಒಡೆದ ತುಟಿಯಲ್ಲೇ ನಕ್ಕನು.

"ಅರಿಸಿನ! ಪ್ರಭು, ಕುದುರೆ ಮಾಂಸಕ್ಕೆ ನಾವು ಉಪ್ಪಲ್ಲದೆ ಬೇರೇನನ್ನೂ ಹಾಕೆವು. ಅತಿಥಿಗೆ ಬಡಿಸುವ ಪಕ್ಕೆಯ ಕೊಬ್ಬನ್ನು ಇದನ್ನು ಮಾಡಿದವನು ನಾಯಿಗೆಸೆದು, ಕುರಿಯಂತೆ ತೊಡೆಯನ್ನು ಬೇಯಿಸಿದ್ದಾನೆ. ಕುದುರೆ ತಿಂದವನ ಅಡುಗೆಯಲ್ಲ ಇದು. ಅರಿಸಿನವಿಲ್ಲದೆ ಬಾಡು ಬೇಯಿಸಲು ಕೈ ಬಾರದ ಇಲ್ಲಿಯ ಬಾಣಸಿಗನದು. ಗಾಯಕ್ಕೆ ಹಚ್ಚಲು ಚಿಟಿಕೆ ಅರಿಸಿನವಿಲ್ಲದೆ ನನ್ನವರು ಕೊಳೆತು ಸತ್ತರಲ್ಲ! ಹಿಡಿಗಟ್ಟಲೆ ಅರಿಸಿನ ಇನ್ನೂ ಯಾರ ಅಡುಗೆಮನೆಯಲ್ಲಿದೆ?"

ಅರಮನೆಯ ಉಗ್ರಾಣವೇ ಬರಿದಾಗಿತ್ತು. ಪ್ರಧಾನನ ಹಿಂದೆ ನಿಂತಿದ್ದ ಅವನ ಬಾಣಸಿಗ ಮಲ್ಲುಗನು, "ಒಡೆಯರು ಹೇಳಿದಂತೆ ಮಾಡಿದೆ, ತಪ್ಪಾಯಿತು!" ಎಂದು ನೆಲಕ್ಕೆ ಬಿದ್ದನು. ಅವನು ಮತ್ತೆ ಏಳಲಿಲ್ಲ. ಚಾವುಂಡಮಯ್ಯನ ಕತ್ತಿ ಅವನ ಕತ್ತನ್ನು ಅರ್ಧ ಕಡಿದಿತ್ತು.

"ಅರಸನನ್ನು ಕೊಲ್ಲಿ!" ಎಂದು ಪ್ರಧಾನನು ಅರಚಿದನು. ಅವನ ಅಂಗರಕ್ಷಕರು ಈಟಿ ಹಿಡಿದು ಸಿಂಹಾಸನದತ್ತ ನುಗ್ಗಿದರು. ಕೈ ಕಟ್ಟಿದ್ದ ತೊಗಾನನು ಹಂಡೆಯನ್ನು ಭುಜದಿಂದ ನೂಕಿ ಅವರ ಮೇಲೆ ಕೆಡವಿದನು. ಸುಟ್ಟ ಮುಖಗಳ ಕಿರುಚಾಟದ ನಡುವೆ ಒಂದು ಈಟಿ ಅವನ ಹೊಟ್ಟೆಯನ್ನು ಹೊಕ್ಕು ಬೆನ್ನಿನಲ್ಲಿ ಹೊರಬಂದಿತು. ಅಷ್ಟರಲ್ಲಿ, ಅವನನ್ನು ಬಡಿದಿದ್ದ ಆ ಸೈನಿಕರೇ ಹುಚ್ಚರಂತೆ ಎರಗಿ ದ್ರೋಹಿಗಳನ್ನು ತುಂಡರಿಸಿದರು. ಚಾವುಂಡಮಯ್ಯನ ತಲೆಯನ್ನು ಬೊಪ್ಪರಸನೇ ಹಾರಿಸಿದನು.

ನೆತ್ತರಿನಲ್ಲಿ ಬಿದ್ದಿದ್ದ ಸಾಹಣಿಯ ತಲೆಯನ್ನು ಅರಸನು ತೊಡೆಯ ಮೇಲಿಟ್ಟುಕೊಂಡನು.

"ನಮ್ಮಲ್ಲಿ ಸವಾರ ಸತ್ತರೆ ಅವನ ಕುದುರೆಯನ್ನು ಬಂಧುಗಳು ಹಂಚಿ ಉಣ್ಣುತ್ತಾರೆ, ಪ್ರಭು. ಆಗಲೇ ಅದು ಅವನೊಡನೆ ಮೇಲಿನ ಹುಲ್ಲುಗಾವಲಿಗೆ ಬರುವುದು. ಇಲ್ಲಿ ನನಗೆ ಬಂಧುಗಳಿಲ್ಲ..."

"ನಾನಿದ್ದೇನೆ," ಎಂದನು ಬೊಪ್ಪರಸ.

ಮಧ್ಯಾಹ್ನ ಲಾಯದ ಅಂಗಳದಲ್ಲಿ ತೊಗಾನನ ಕಂದು ಕುದುರೆಯ ಮಾಂಸ ಬರೀ ಉಪ್ಪಿನಲ್ಲಿ ಬೆಂದಿತು. ಹಸಿದ ಐನೂರು ಜನ ಸುತ್ತ ನಿಂತಿದ್ದರೂ ಒಬ್ಬನೂ ಕೈ ಚಾಚಲಿಲ್ಲ. ಅರಸನು ಮೊದಲ ತುಂಡನ್ನು ಬಾಯಿಗಿಟ್ಟನು. ಕಣ್ಣಿನಲ್ಲಿ ನೀರಿಳಿಯುತ್ತಿದ್ದರೂ, ಜಗಿದು ನುಂಗಿದನು. ಆಮೇಲೆ ಎಲ್ಲರೂ ಉಂಡರು. ಹೊತ್ತು ಇಳಿಯುವ ಮುನ್ನವೇ ಬಾಗಿಲು ತೆರೆದು ಶತ್ರುವಿನ ಪಾಳೆಯದ ಮೇಲೆ ಬಿದ್ದರು. ಐನೂರರಲ್ಲಿ ಇನ್ನೂರು ಜನ ಗೆದ್ದು ಮರಳಿದರು.

ಪ್ರಾಯಶ್ಚಿತ್ತದ ವಿಧಿಯನ್ನು ಓದಲು ಪುರೋಹಿತರು ಬಂದಾಗ ಬೊಪ್ಪರಸನು ಕೈ ಮುಗಿದು ಅವರನ್ನು ಹಿಂದಕ್ಕೆ ಕಳುಹಿಸಿದನು. ಬದುಕಿರುವವರೆಗೂ ಮತ್ತೆ ಯಾವ ಮಾಂಸವನ್ನೂ ಅವನು ಮುಟ್ಟಲಿಲ್ಲ. ಆದರೆ ಆ ಒಂದು ತುತ್ತನ್ನು ಪಾಪವೆಂದು ಕರೆಯಲು ಯಾರಿಗೂ ಬಿಡಲಿಲ್ಲ.