ಪಂಚನ ಸಹಿ

ಮಾರ್ಚ್ ಹನ್ನೊಂದರ ಬೆಳಿಗ್ಗೆ ಸೀತಾರಾಮಪ್ಪ ದೂರು ಹಿಡಿದುಕೊಂಡು ಹಿಂದೂಪುರದ ಪೊಲೀಸ್ ಠಾಣೆಗೆ ಬಂದರು. ಠಾಣೆಯ ಪಕ್ಕದ ಬೀದಿಯಲ್ಲೇ ಅವರ ಕಂಪ್ಯೂಟರ್ ತರಬೇತಿ ಕೇಂದ್ರ. ಬೆಂಗಳೂರಿನಿಂದ ತರಿಸಿದ ಸೆಕೆಂಡ್ ಹ್ಯಾಂಡ್ ಕಂಪ್ಯೂಟರುಗಳು ಹೊತ್ತುಗೊತ್ತಿಲ್ಲದೆ ನಿಂತುಹೋಗುತ್ತಿದ್ದವು. ಕೆಲವೊಮ್ಮೆ ಪರದೆ ನೀಲಿಯಾಗಿ, ತಾವೇ ಆರಿ ತಾವೇ ಹೊತ್ತಿಕೊಳ್ಳುತ್ತಿದ್ದವು.

"ಬೇಕಂತ ವೈರಸ್ ಬಿಟ್ಟವ್ಳೆ ಮೇಡಂ, ನಮ್ಮತ್ರ ಪಾಠ ಹೇಳೋ ಶಿವಗಂಗಾ. ಪೋಸ್ಟ್ ಆಫೀಸಲ್ಲಿ ಕೆಲ್ಸ ಸಿಕ್ತು, ಬಿಟ್ಟು ಹೋಯ್ತೀನಿ ಅಂದ್ಲು. ಸಂಬಳ ಹಿಡ್ಕೊಂಡೆ. ಆಮೇಲೆ ಇದು ಶುರು."

"ವೈರಸ್ ಅಂತ ಹೇಳಿದ್ಯಾರು?" ಇನ್‌ಸ್ಪೆಕ್ಟರ್ ವರಲಕ್ಷ್ಮಿ ಕೇಳಿದರು.

"ಓಬುಳೇಶ್. ಮಿಷಿನ್ನು ಕೂರಿಸ್ದೋನು ಅವ್ನೇ. ನಿಮಗೆ ಗೊತ್ತಿರೋನೇ."

ಗೊತ್ತಿರುವವನೇ. ಕಲ್ಯಾಣದುರ್ಗದಲ್ಲಿ ಅಂಗಡಿ ಇಟ್ಟಿದ್ದರೂ ವಾರಕ್ಕೆರಡು ಸಲ ಹಿಂದೂಪುರಕ್ಕೆ ಬರುತ್ತಿದ್ದ. ಠಾಣೆಯ ಕಂಪ್ಯೂಟರು ಕೆಟ್ಟಾಗ ಸರಿಮಾಡಿ, "ಒಂದು ಟೀ ಕುಡಿಸ್ರಿ, ಸಾಕು" ಎನ್ನುತ್ತಿದ್ದ. ಪೇದೆಗಳು ಅವನನ್ನು ಡಾಕ್ಟರ್ ಎಂದೇ ಕರೆಯುತ್ತಿದ್ದರು.

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಕೇಂದ್ರದ ತಪಾಸಣೆ. ಜಪ್ತಿ ಪಂಚನಾಮೆಗೆ ಹೊರಗಿನ ಇಬ್ಬರು ಸಾಕ್ಷಿಗಳು, ಅಂದರೆ ಪಂಚರು ಬೇಕು. ಕೋರ್ಟಿಗೆ ಅಲೆಯಬೇಕಾದೀತೆಂದು ಬೀದಿಯವರು ಯಾರೂ ಮುಂದೆ ಬರುವುದಿಲ್ಲ. ಹಾಗಾಗಿ ಪರಿಚಯದವರನ್ನೇ ಕರೆಯುವುದು ಠಾಣೆಯ ರೂಢಿ. ಅಂದು ಎದುರಿನ ದರ್ಜಿಯೊಬ್ಬನ ಜೊತೆಗೆ ಓಬುಳೇಶನನ್ನು ನಿಲ್ಲಿಸಿದರು. ಶಿವಗಂಗಾಳ ಮೇಜಿನ ಡ್ರಾಯರಿನಲ್ಲಿ ಪೆನ್‌ಡ್ರೈವ್ ಒಂದು ಸಿಕ್ಕಿತು. ಅದನ್ನು ತನ್ನ ಲ್ಯಾಪ್‌ಟಾಪಿಗೆ ಚುಚ್ಚಿ ವೈರಸ್ ಇದೆ ಎಂದು ತೋರಿಸಿಕೊಟ್ಟವನೂ ಓಬುಳೇಶನೇ, ಪಂಚನಾಮೆಗೆ ಸಹಿ ಹಾಕಿದವನೂ ಅವನೇ.

ಠಾಣೆ ಹತ್ತಿರವೇ ಎಂದು ವರಲಕ್ಷ್ಮಿ ಶಿವಗಂಗಾಳನ್ನು ನಡೆಸಿಕೊಂಡೇ ಹೊರಟರು. ತರಗತಿಯ ಮಕ್ಕಳು ಕಿಟಕಿಗೆ ಮುಗಿಬಿದ್ದರು. ಹೂವಿನವಳು ಕಟ್ಟುತ್ತಿದ್ದ ಕೈ ನಿಲ್ಲಿಸಿ ನೋಡಿದಳು.

"ಈ ಪೆನ್‌ಡ್ರೈವ್ ಯಾರ್ದು?" ಠಾಣೆಯಲ್ಲಿ ವರಲಕ್ಷ್ಮಿ ಕೇಳಿದರು.

"ನಂದಲ್ಲ ಮೇಡಂ."

"ನಿನ್ನ ಡ್ರಾಯರಲ್ಲಿತ್ತು."

"ಅದಕ್ಕೆ ಬೀಗ ಇಲ್ಲ ಮೇಡಂ. ಯಾರು ಬೇಕಾದ್ರೂ ಹಾಕ್ಬೋದು."

"ಸಂಬಳ ಕೊಡ್ಲಿಲ್ಲ ಅಂತ ಸಿಟ್ಟಿತ್ತಾ?"

"ಇತ್ತು. ಅದಕ್ಕೆ ಮಕ್ಕಳ ಮಿಷಿನ್ ಕೆಡಿಸ್ತೀನಾ?" ಆಮೇಲೆ ತಾನೇ ಕೇಳಿದಳು. "ಪರಿಗಿ ಪೋಸ್ಟ್ ಆಫೀಸಿನ ಕೆಲ್ಸಕ್ಕೆ ಪೊಲೀಸ್ ವೆರಿಫಿಕೇಶನ್ನು ಈ ಸ್ಟೇಷನ್ನಿಗೇ ಬತ್ತದೆ. ಕೇಸಿದೆ ಅಂತ ಬರೀತೀರಾ?"

ವರಲಕ್ಷ್ಮಿ ನೋಟಿಸಿನ ಹಾಳೆ ಎಳೆದುಕೊಂಡರು. ಹೆಡ್ ಕಾನ್‌ಸ್ಟೇಬಲ್ ದಾಸಣ್ಣ ತನ್ನ ಕುರ್ಚಿಯನ್ನು ಫ್ಯಾನಿನ ಕೆಳಗೆ ಎಳೆದು ಹುಡುಗಿಯನ್ನು ಕೂರಿಸಿದ. ಆಮೇಲೆ ಹೊರಗೆ ಹೋಗಿ ಅವಳ ತಾಯಿ ಆದೆಮ್ಮನಿಗೆ ಫೋನು ಮಾಡಿದ. "ಅಳಬ್ಯಾಡ ಕಣಮ್ಮ. ಮೇಡಂ ಎದುರ್ಗೇ ಕೂತವ್ಳೆ. ಸಂಜೆಯೊಳಗೆ ನಾನೇ ಬಿಡ್ಸಿ ಬತ್ತೀನಿ."

ನೋಟಿಸು ಕೊಟ್ಟು ಹುಡುಗಿಯನ್ನು ಮನೆಗೆ ಕಳಿಸಿದರು. ಜಪ್ತಿಯಾದ ಪೆನ್‌ಡ್ರೈವ್, ಕಂಪ್ಯೂಟರುಗಳು, ಶಿವಗಂಗಾಳ ಫೋನು ಜಿಲ್ಲೆಯ ಸೈಬರ್ ವಿಭಾಗಕ್ಕೆ ಹೋದವು.

ಮರುವಾರ ಅಲ್ಲಿನ ಎಸ್‌ಐ ಶಿರೀಷಾ ಫೋನು ಮಾಡಿದರು. "ಪೆನ್‌ಡ್ರೈವಲ್ಲಿ ವೈರಸ್ ಇರೋದು ನಿಜ ಮೇಡಂ. ಆದ್ರೆ ಅದನ್ನ ಆ ಸೆಂಟರಿನ ಯಾವ ಕಂಪ್ಯೂಟರಿಗೂ ಚುಚ್ಚೇ ಇಲ್ಲ. ಚುಚ್ಚಿದ್ರೆ ಗುರುತು ಉಳೀತದೆ."

"ಮತ್ತೆ ನಿಂತುಹೋಗೋದ್ಯಾಕೆ?"

"ಡ್ರೈವರ್ ತೊಂದ್ರೆ. ಪರದೆ ನಡೆಸೋ ಚಿಪ್ಪಿಗೆ ಅದರದೇ ಡ್ರೈವರ್ ಅಂತ ಒಂದು ಪ್ರೋಗ್ರಾಂ ಹಾಕ್ಬೇಕು. ಈ ಕಂಪ್ಯೂಟರೆಲ್ಲ ಹೊರಗಿಂದ ಒಂದೇ ಥರ, ಒಳಗಿನ ಚಿಪ್ಪು ಬೇರೆ ಬೇರೆ. ಕೂರಿಸ್ದೋನು ಒಂದನ್ನ ಸಿದ್ಧ ಮಾಡಿ ಎಲ್ಲದಕ್ಕೂ ಅದನ್ನೇ ನಕಲು ಹೊಡೆದವ್ನೆ. ನಿಂತಾಗಲೆಲ್ಲ ಡ್ರೈವರ್ ಕೈಕೊಡ್ತು ಅಂತ ಕಂಪ್ಯೂಟರೇ ಬರ್ಕೊಂಡಿದೆ. ಎರಡಕ್ಕೆ ಸರಿಯಾದ್ದು ಹಾಕಿ ನೋಡ್ದೆ. ಅವು ಒಂದ್ಸಲಾನೂ ನಿಂತಿಲ್ಲ."

ಕೇಳಿಸಿಕೊಂಡ ದಾಸಣ್ಣ ನಕ್ಕ. "ಮನೇರಿಗೆಲ್ಲ ಒಂದೇ ಅಳತೆ ಚಪ್ಪಲಿ ತಂದಂಗಾಯ್ತು."

ವರಲಕ್ಷ್ಮಿ ನಗಲಿಲ್ಲ. ಪಂಚನಾಮೆ ತೆಗೆದು ಓಬುಳೇಶನ ಸಹಿ ನೋಡಿದರು. ಪಂಚನನ್ನು ಆರಿಸಿದವರು ಅವರೇ.

ಮರುದಿನ ವರಲಕ್ಷ್ಮಿ, ದಾಸಣ್ಣ ಇಬ್ಬರೂ ಕಲ್ಯಾಣದುರ್ಗಕ್ಕೆ ಹೋದರು. ಬಸ್ ನಿಲ್ದಾಣದೆದುರು ನರಸಿಂಹಯ್ಯನ ಜೆರಾಕ್ಸ್ ಅಂಗಡಿ. ಅಲ್ಲೂ ಅದೇ ಕಂಪ್ಯೂಟರುಗಳು, ಕೂರಿಸಿದವನೂ ಓಬುಳೇಶನೇ. ಬಿಸಿಲಿನಲ್ಲಿ ಬಂದವರನ್ನು ಕಂಡ ನರಸಿಂಹಯ್ಯ ಮಾತಿಗೆ ಮೊದಲು ಮಜ್ಜಿಗೆ ಕೊಟ್ಟ.

"ಇವೂ ನಿಂತ್ಹೋಯ್ತವಾ?" ವರಲಕ್ಷ್ಮಿ ಕೇಳಿದರು.

"ಏನ್ ಕೇಳ್ತೀರಾ ತಲ್ಲೀ! ಪ್ರಿಂಟ್ ಕೊಟ್ರೆ ಕಲ್ಲಾಗ್ಬುಡ್ತವೆ."

"ಓಬುಳೇಶ್ ಏನಂತಾನೆ?"

"ವೈರಸ್ಸಂತೆ. ಯಾರೋ ಆಗದೋರು ಬಿಟ್ಟವ್ರಂತೆ. ನಂಗ್ಯಾರು ಆಗದೋರು? ನನ್ ಹೆಂಡ್ತಿ ಒಬ್ಳೇ."

"ಶಿವಗಂಗಾ ಅಂತ ಯಾರಾದ್ರೂ ಬಂದಿದ್ರಾ?"

"ಆಯಮ್ಮ ಯಾರು?"

ಎರಡು ಅಂಗಡಿಗಳಾಚೆ ಓಬುಳೇಶನ ಅಂಗಡಿ. ಈ ಸಲ ವರಲಕ್ಷ್ಮಿ ತಹಶೀಲ್ದಾರರ ಕಚೇರಿಗೆ ಹೇಳಿಕಳಿಸಿ, ಪರಿಚಯವಿಲ್ಲದ ಇಬ್ಬರು ನೌಕರರನ್ನು ಪಂಚರಾಗಿ ಕರೆಸಿಕೊಂಡರು. ಲ್ಯಾಪ್‌ಟಾಪ್ ಜಪ್ತಿಯಾಯಿತು. ಅದರಲ್ಲಿ ಪೆನ್‌ಡ್ರೈವಿನ ಗುರುತು ಇತ್ತೆಂದು ಶಿರೀಷಾ ಖಚಿತಪಡಿಸಿದರು. ತಪಾಸಣೆಯ ಹಿಂದಿನ ದಿನವೇ ಅದನ್ನು ಚುಚ್ಚಿ ವೈರಸ್ ತುಂಬಲಾಗಿತ್ತು.

ಸುಳ್ಳು ಸಾಕ್ಷ್ಯ ಸೃಷ್ಟಿಸಿದ ಆರೋಪದ ಮೇಲೆ ಓಬುಳೇಶನನ್ನು ಬಂಧಿಸಿದರು.

"ಆ ಹುಡ್ಗಿ ಮೇಲೆ ಏನಾದ್ರೂ ದ್ವೇಷ ಇತ್ತೇನೋ?"

"ಇಲ್ಲ ಮೇಡಂ. ಒಳ್ಳೇ ಹುಡ್ಗಿ. ಹೋದಾಗಲೆಲ್ಲ ನೀರು ಕೊಡೋಳು."

"ಮತ್ತೆ?"

ತಲೆ ಬಗ್ಗಿಸಿಯೇ ಹೇಳಿದ. "ಯಾಕೆ ನಿಲ್ತವೆ ಅಂತ ನಂಗೆ ಗೊತ್ತಾಗ್ಲೇ ಇಲ್ಲ. ಎಲ್ರೂ ಡಾಕ್ಟರ್ ಅಂತಿದ್ರಿ. ಗೊತ್ತಿಲ್ಲ ಅನ್ನೋಕೆ ನಾಚ್ಕೆ ಆಯ್ತು, ವೈರಸ್ ಅಂದ್ಬುಟ್ಟೆ. ಯಾರು ಬಿಟ್ಟಿದ್ದು ಅಂತ ಸೀತಾರಾಮಪ್ಪ ದಿನಾ ಪೀಡಿಸ್ದ. ಶಿವಗಂಗಾನೇ ಇರ್ಬೇಕು ಅಂತ ಅವ್ನೇ ಅಂದ. ನಾನು ಹೂಂ ಅಂದೆ. ಕಂಪ್ಲೇಂಟ್ ಕೊಡ್ತೀನಿ ಅಂದಾಗ ಭಯ ಆಯ್ತು. ಏನೂ ಸಿಕ್ದಿದ್ರೆ ನನ್ನನ್ನೇ ಕೇಳ್ತಾರಲ್ಲ. ಅದಕ್ಕೇ ಪೆನ್‌ಡ್ರೈವ್ ತಂದು ಅವಳ ಡ್ರಾಯರಲ್ಲಿ ಇಟ್ಟೆ."

ಶಿವಗಂಗಾಳ ಹೆಸರನ್ನು ಆರೋಪದಿಂದ ಕೈಬಿಡಲಾಯಿತು. ವೆರಿಫಿಕೇಶನ್ ಕಾಗದದ ಮೇಲೆ ಆಕ್ಷೇಪಣೆ ಇಲ್ಲವೆಂದು ವರಲಕ್ಷ್ಮಿ ಬರೆದರು. ಜಪ್ತಿಯಾಗಿದ್ದ ಫೋನು ಪಡೆಯಲು ಹುಡುಗಿ ಬಂದ ದಿನ ಎದ್ದು ನಿಂತು ಹೇಳಿದರು. "ನಮ್ಮಿಂದ ತಪ್ಪಾಯ್ತು ಕಣಮ್ಮ."

ಹುಡುಗಿ ಫೋನನ್ನು ಚೀಲಕ್ಕೆ ಹಾಕಿಕೊಂಡಳು. "ಕರ್ಕೊಂಡ್ ಬಂದಿದ್ದು ಬೀದೀಲಿ ಮೇಡಂ. ತಪ್ಪಾಯ್ತು ಅನ್ನೋದು ರೂಮೊಳಗಾ?"

ವರಲಕ್ಷ್ಮಿ ಮೇಜಿನ ಮೇಲಿದ್ದ ಟೋಪಿ ಎತ್ತಿಕೊಂಡರು. ಅವರ ಕಣ್ಣನ್ನು ನೋಡದೆ, ದಾಸಣ್ಣ ಬಾಗಿಲನ್ನು ಅಗಲವಾಗಿ ತೆರೆದು ಹಿಡಿದ.

ಮೂವರೂ ಬೀದಿಯಲ್ಲೇ ನಡೆದು ಹೋದಾಗ ಕೇಂದ್ರದಲ್ಲಿ ತರಗತಿ ನಡೆಯುತ್ತಿತ್ತು. ಪೊಲೀಸರನ್ನು ಕಂಡು ಮಕ್ಕಳು ಎದ್ದು ನಿಂತರು, ಸೀತಾರಾಮಪ್ಪನವರೂ ಎದ್ದರು. ಶಿವಗಂಗಾ ಬಾಗಿಲ ಬಳಿಯೇ ನಿಂತಳು. ಐದು ಊರುಗಳಲ್ಲಿ ಠಾಣೆ ನಡೆಸಿದ ವರಲಕ್ಷ್ಮಿಗೆ ಹಿಂತಿರುಗಿ ಹೋಗಿಬಿಡೋಣ ಎನಿಸಿತು. ಗೊತ್ತಿಲ್ಲ ಎಂಬ ಒಂದು ಮಾತನ್ನು ತಪ್ಪಿಸಿಕೊಳ್ಳಲು ಓಬುಳೇಶ್ ಅಷ್ಟು ದೂರ ಏಕೆ ಹೋದನೆಂದು ಆಗ ಅವರಿಗೆ ಅರ್ಥವಾಯಿತು.

"ಈ ನಿಮ್ಮ ಮೇಡಂ ಏನೂ ತಪ್ಪು ಮಾಡಿಲ್ಲ" ಎಂದರು. "ನಾನು ಮಾಡ್ದೆ."